ಬಾನೆಟ್ಟಿನ ಕಿಂಡಿ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದವನು ಇನ್ನೊಬ್ಬರ ಕಾರಿಗೆ ಬೆರಳು ಹಾಕಿ ಸಿಕ್ಕಿಬಿದ್ದೆ. ಅರವತ್ತು ದಾಟಿ ನಾಲ್ಕು ವರ್ಷವಾದ ನಿವೃತ್ತ ಮಾಸ್ತರ ಮಾಡುವ ಕೆಲಸವಲ್ಲ ಇದು, ಒಪ್ಪುತ್ತೇನೆ. ಆದರೆ ಟಿಳಕವಾಡಿಯ ನಮ್ಮ ಓಣಿಯಲ್ಲಿ, ಎದುರು ಮನೆಯ ಪಾಟೀಲರ ಹೊಸ ಕೆಂಪು ಕಾರು ನಿಂತಿತ್ತು. ದೀಪಗಳ ಕೆಳಗೆ ಎರಡೂ ಬದಿಗೆ ಅಂಗೈ ಅಗಲದ ಕರಿ ಜಾಲರಿ, ಮುಂದಿನ ಗಾಲಿಯ ಹಿಂದೆ ಮೀನಿನ ಕಿವಿರಿನಂಥ ಮೂರು ಸೀಳು, ಹಿಂದಿನ ಬಂಪರಿನಲ್ಲಿ ಹೊಗೆ ಬಿಡಲು ಎರಡು ಹೊಳೆಯುವ ಬಾಯಿ. ಇಷ್ಟೊಂದು ಕಿಂಡಿ ಇಟ್ಟುಕೊಂಡು ಈ ಕಾರು ಎಷ್ಟು ಗಾಳಿ ಕುಡಿಯಬಹುದು ಎಂದು ನೋಡಲು ಜಾಲರಿಯೊಳಗೆ ಬೆರಳು ತೂರಿಸಿದೆ. ಅರ್ಧ ಇಂಚಿಗೇ ಬೆರಳು ಪ್ಲಾಸ್ಟಿಕ್ ಗೋಡೆಗೆ ತಾಗಿತು. ಸೀಳಿನೊಳಗೆ ಉಗುರೂ ಹೋಗಲಿಲ್ಲ. ಬಗ್ಗಿ ನೋಡಿದರೆ ಹೊಗೆಯ ಬಾಯಿಗಳೂ ಬರೀ ಅಂಚು. ನಿಜವಾದ ಕೊಳವೆ ಒಳಗೆಲ್ಲೋ ಬಡವರ ಮನೆಯ ನೀರಿನ ಪೈಪಿನಂತೆ ನೆಲ ನೋಡುತ್ತ ಇಳಿಬಿದ್ದಿತ್ತು.

ಪಾಟೀಲರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಬ್ಯಾಂಕಿನಲ್ಲಿರುವ ಮನುಷ್ಯ, ಮರ್ಯಾದಸ್ಥರು. "ಅದು ಬರೇ ಡಿಸೈನ್ ಐತ್ರಿ ಸರ್, ತೂತಿಲ್ಲ ಅದಕ್ಕ," ಎಂದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಮಾತು ಹೆಚ್ಚು ಮಾಡುತ್ತೇನೆ. "ನನ್ನ ಹತ್ರನೂ ಒಂದು ಕಾರ್ ಇತ್ರಿ," ಎಂದು ಶುರುಮಾಡಿ, ಹಿಂದೆ ಒಬ್ಬ ಮಿಸ್ತ್ರಿ ನನ್ನ ಕಾರಿನ ಬಾನೆಟ್ಟಿಗೆ ತೂತು ಹೊಡೆದು, ಮಳೆನೀರು ಇಂಜಿನ್ನಿಗೆ ಹೋಗಿ, ಕಾರಿಗೆ ಹಗ್ಗ ಕಟ್ಟಿ ಖಾನಾಪುರಕ್ಕೆ ಎಳೆಸಿಕೊಂಡು ಹೋದ ಕತೆ ಹೇಳಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲವೂ ನನಗೆ ಬಾಯಿಪಾಠ. ಪಾಟೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಥೆಂಥಾ ಮಂದಿ ಇರ್ತಾರಲ್ರಿ," ಎಂದರು.

ಮನೆಗೆ ಬಂದು ಹಾಲು ಒಲೆಯ ಮೇಲಿಟ್ಟೆ, ಅದು ಉಕ್ಕಿ ಚೆಲ್ಲುವವರೆಗೂ ಅಲ್ಲೇ ನಿಂತಿದ್ದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಕತೆಯನ್ನು ಹೀಗೇ ಹೇಳುತ್ತ ಬಂದಿದ್ದೇನೆ. ಸ್ಟಾಫ್ ರೂಮುಗಳಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿದ್ದೇನೆ. ಆ ತೂತನ್ನು ಹೊಡೆಸಿದವನು ನಾನು. ಮಿಸ್ತ್ರಿ ಬೇಡವೆಂದಿದ್ದರು. ಸುಳ್ಳು ಹೇಳುತ್ತಿದ್ದೇನೆ ಎನ್ನುವುದೇ ನನಗೆ ಮರೆತುಹೋಗುವಷ್ಟು ಸಲೀಸಾಗಿ ಅದು ಬಾಯಿಂದ ಬಂದಿತ್ತು. ಪಾಟೀಲರಿಗೆ ಆಫೀಸಿಗೆ ಹೊತ್ತಾಗಿತ್ತು. ನಿಮಗೆ ಸ್ವಲ್ಪ ಪುರಸತ್ತಿದ್ದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೂತುಕೊಳ್ಳಿ.

ಎರಡು ಸಾವಿರದ ಇಸವಿಯ ಆಸುಪಾಸು. ಗದಗಿನ ಕಡೆಯವನಾದ ನಾನು ವರ್ಗವಾಗಿ ಬೆಳಗಾವಿಗೆ ಬಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸದಾಶಿವನಗರದಲ್ಲಿ ಒಂದು ಬಂಗಲೆಯ ಹಿಂದಿನ ಒಂಟಿ ಖೋಲಿ ನನ್ನದು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. ಒಂದೆರಡು ಕಡೆ ಅವರು ಬೇಡವೆಂದರು, ಒಂದೆರಡು ಕಡೆ ನಾನು ಮೀನಮೇಷ ಎಣಿಸಿದೆ, ಆಮೇಲೆ ಯಾರೂ ಕೇಳುವುದನ್ನು ಬಿಟ್ಟರು. ಊರಿಗೆ ವಾಪಸು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಆಕಾಶನೀಲಿ ಕಾರನ್ನು ನನಗೆ ದಾಟಿಸಿದರು. ನಾಲ್ಕು ಜನ ಕೂರುವ ಕಾರು, ಕೂರುವವನು ಒಬ್ಬ. ಪಕ್ಕದ ಸೀಟಿನ ಮೇಲೆ ಟಿಫಿನ್ ಡಬ್ಬಿ ಇಡುತ್ತಿದ್ದೆ, ತಿರುವಿನಲ್ಲಿ ಅದು ಬೀಳದ ಹಾಗೆ ಒಂದು ಕೈ ಅದರ ಮೇಲಿರುತ್ತಿತ್ತು.

ಭಾನುವಾರಗಳು ಬಹಳ ಉದ್ದವಾಗಿರುತ್ತಿದ್ದವು. ಬಟ್ಟೆ ಒಗೆದು, ಪೇಪರಿನ ಜಾಹೀರಾತುಗಳನ್ನೂ ಬಿಡದೆ ಓದಿ ಮುಗಿಸಿದರೂ ಗಡಿಯಾರ ಹತ್ತು ಗಂಟೆಯ ಮೇಲೇಳುತ್ತಿರಲಿಲ್ಲ. ಅಂಥ ಒಂದು ಭಾನುವಾರ, ಕಾರಿನ ಬಾಗಿಲಿಗೆ ಬಿದ್ದ ತಗ್ಗು ತೆಗೆಸಲೆಂದು ಉದ್ಯಮಬಾಗದ ದಾರಿಯಲ್ಲಿದ್ದ ತಗಡಿನ ಶೆಡ್ಡಿಗೆ ಹೋದೆ. ಅದು ದಸ್ತಗೀರ್ ಮಿಸ್ತ್ರಿಯವರ ಶೆಡ್ಡು. ಡೆಂಟಿಂಗ್, ಪೇಂಟಿಂಗ್ ಮತ್ತು ಫೈಬರ್ ಕೆಲಸ. ನನಗಿಂತ ಹತ್ತು ವರ್ಷ ದೊಡ್ಡವರು, ಸಣಕಲು ದೇಹ, ಹುಬ್ಬಿನ ಮೇಲೆ ಯಾವಾಗಲೂ ತಗ್ಗು ತುಂಬುವ ಪುಟ್ಟಿಯ ಒಂದಿಷ್ಟು ಪುಡಿ. ಮನೆಯಲ್ಲಿ ದಖನಿ, ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ತಗ್ಗು ಅರ್ಧ ಗಂಟೆಯಲ್ಲಿ ಹೋಯಿತು. ನಾನು ಸಂಜೆಯವರೆಗೂ ಅಲ್ಲೇ ಕೂತಿದ್ದೆ.

ಮುಂದಿನ ಭಾನುವಾರ ಹೋಗಲು ಒಂದು ಕಾರಣ ಬೇಕಿತ್ತು. ಕನ್ನಡಿ ಸಡಿಲಾಗಿದೆ ಎಂದೆ. ಅದರ ಮುಂದಿನ ವಾರ ಹಾರ್ನಿನ ದನಿ ಒಡೆದಿದೆ ಎಂದೆ. ನಾಲ್ಕನೆಯ ವಾರ ಏನೂ ಹೊಳೆಯದೆ ಸುಮ್ಮನೆ ನಿಂತಾಗ ಮಿಸ್ತ್ರಿ ಒಂದು ಕುರ್ಚಿಯ ಮೇಲಿನ ಪುಡಿ ಒರೆಸಿ ನನ್ನ ಕಡೆ ತಳ್ಳಿದರು. "ಕುಂದರ್ರಿ ಸರ್. ಗಾಡಿಗೆ ಏನರ ಬ್ಯಾನಿ ಇದ್ರನ ಬರಬೇಕಂತ ಐತೇನು? ಚಾ ತರಸ್ತೀನಿ," ಎಂದರು. ಆಮೇಲೆ ನಾನು ಕಾರಣ ಹುಡುಕಲಿಲ್ಲ. ಹೆಚ್ಚೂ ಕಡಿಮೆ ಎರಡು ವರ್ಷ, ನನ್ನ ಭಾನುವಾರಗಳೆಲ್ಲ ಆ ಕುರ್ಚಿಯ ಮೇಲೆ ಕಳೆದವು. ಆ ಊರಿನಲ್ಲಿ ನನ್ನನ್ನು ಕಂಡು ಮುಖ ಅರಳಿಸುತ್ತಿದ್ದ ಮನುಷ್ಯ ಅವರೊಬ್ಬರೇ.

ಆ ಕಾಲಕ್ಕೆ ಪ್ರಾಯದ ಹುಡುಗರಿಗೆಲ್ಲ ಕಾರಿಗೆ ಏನಾದರೂ ಅಂಟಿಸುವ ಹುಚ್ಚು ಹಿಡಿದಿತ್ತು. ಡಿಕ್ಕಿಯ ಮೇಲೆ ರೆಕ್ಕೆ, ಬಾನೆಟ್ಟಿನ ಮೇಲೆ ಬಾಯ್ದೆರೆದ ಕಿಂಡಿ, ಬಾಗಿಲ ಕೆಳಗೆ ಪಟ್ಟಿ. ಮಿಸ್ತ್ರಿ ಅಚ್ಚಿಗೆ ಮೇಣ ಸವರಿ, ಫೈಬರಿನ ಚಾಪೆ ಹಾಸಿ, ಕುಂಚದಿಂದ ರಾಳ ಹಚ್ಚಿ ಅವನ್ನೆಲ್ಲ ಎರಕ ತೆಗೆಯುತ್ತಿದ್ದರು. ರಾಳದ ಸಿಹಿ ಘಾಟು ನನ್ನ ಅಂಗಿಗೆ ಹತ್ತಿ ಬುಧವಾರದವರೆಗೂ ಬಿಡುತ್ತಿರಲಿಲ್ಲ. ಅವರ ಶೆಡ್ಡಿನಲ್ಲಿ ಕಿಂಡಿಗಳಲ್ಲಿ ಎರಡು ಜಾತಿ. ಒಂದು ಖರೇ, ಇನ್ನೊಂದು ಶೋ. ಲಾರಿಯ ಇಂಜಿನ್ ಪಕ್ಕದ ಸೀಳುಗಳು, ಹಳೆಯ ಕಾರುಗಳಲ್ಲಿ ಮುಖಕ್ಕೆ ಗಾಳಿ ತಿರುಗಿಸುತ್ತಿದ್ದ ತ್ರಿಕೋನದ ಗಾಜು, ಇವೆಲ್ಲ ಖರೇ. ಹುಡುಗರು ಕೇಳಿ ಮಾಡಿಸುತ್ತಿದ್ದದ್ದೆಲ್ಲ ಶೋ.

ನಾನು ವಿಜ್ಞಾನದ ಮಾಸ್ತರ. ಉಪಯೋಗವಿಲ್ಲದ ಕಿಂಡಿ ಕಂಡರೆ ನನಗೆ ಮೈ ಉರಿಯುತ್ತಿತ್ತು. ಇದು ಮೋಸ ಎಂದು ವಾದಿಸುತ್ತಿದ್ದೆ. ಮಿಸ್ತ್ರಿ ಒಪ್ಪುತ್ತಿರಲಿಲ್ಲ. "ಶೋ ಅಂದ್ರ ಸುಳ್ಳಲ್ರಿ ಸರ್," ಎನ್ನುತ್ತಿದ್ದರು. "ಹೆಣ್ಮಕ್ಕಳು ಮೂಗಿಗೆ ನತ್ತ ಹಾಕ್ತಾರ, ಅದರಿಂದ ಉಸಿರು ಛಲೋ ಬರತದ ಅಂತ ಯಾರರ ಹಾಕ್ತಾರೇನು? ಚಂದ ಕಾಣತದ, ಅಷ್ಟ."

ಒಮ್ಮೆ ಇಬ್ಬರೂ ಕಾರಿನಲ್ಲಿ ಹಲಸಿ ಗ್ರಾಮಕ್ಕೆ ಹೋಗಿದ್ದೆವು. ಅಲ್ಲಿ ಯಾರೋ ಗಿರಾಕಿಯ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಅಳತೆ ತೆಗೆದುಕೊಳ್ಳಬೇಕಿತ್ತು. ಅದು ಮುಗಿದ ಮೇಲೆ ಹಳೆಯ ಗುಡಿಯ ಕಡೆ ಹೋದೆವು. ಮಿಸ್ತ್ರಿ ಹೊರಗೋಡೆಯ ಸುತ್ತ ತಿರುಗಾಡಿ, ಕಲ್ಲಿನ ಸಂದುಗಳ ಮೇಲೆ ಬೆರಳಾಡಿಸಿ, ಒಂದು ಕಡೆ ನನ್ನನ್ನು ಕರೆದರು. ಗೋಡೆಯಲ್ಲಿ ಕಿಟಕಿಯ ಹಾಗೆ ಕೊರೆದಿತ್ತು, ಒಳಗೆ ತೂತಿರಲಿಲ್ಲ. "ನೋಡ್ರಿ, ಇಲ್ಲೂ ಶೋ ಐತಿ. ಒಳಗ ದೇವರಿಗೆ ಬೆಳಕ ಬೇಕಾದಲ್ಲಿ ಖರೇ ತೂತ ಬಿಟ್ಟಾರ, ಇಲ್ಲಿ ಗ್ವಾಡಿ ಬೋಳ ಕಾಣಬಾರದು ಅಂತ ಇದನ್ನ ಮಾಡ್ಯಾರ. ಎಲ್ಲಿ ಯಾವುದು ಬೇಕು ಅನ್ನೂದ ಆ ಮಿಸ್ತ್ರಿಗೆ ಗೊತ್ತಿತ್ತು," ಎಂದರು. ಯಾವುದೋ ಕಾಲದ ಕಲ್ಲುಕುಟಿಗನನ್ನು ಅವರು ಪಕ್ಕದ ಶೆಡ್ಡಿನವನ ಹಾಗೆ ಮಾತಾಡಿಸುತ್ತಿದ್ದರು. ಬರುವಾಗ ಟಿಫಿನ್ ಡಬ್ಬಿ ಹಿಂದಿನ ಸೀಟಿನಲ್ಲಿತ್ತು. ಅಂದು ನಾನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಓಡಿಸಿದೆ.

ಹೀಗೆಲ್ಲ ವಾದ ಮಾಡುತ್ತಿದ್ದ ನಾನೇ ಕೊನೆಗೆ ಮರುಳಾದೆ. ಯಾರೋ ಮಾಡಿಸಿ ಬಿಟ್ಟುಹೋದ ಒಂದು ಬಾನೆಟ್ ಕಿಂಡಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಕಪ್ಪೆಯ ಬಾಯಿಯಷ್ಟು ಅಗಲ, ಮುಂದೆ ಸಣ್ಣ ಜಾಲರಿ. ಮಿಸ್ತ್ರಿ ಅದಕ್ಕೆ ಆಕಾಶನೀಲಿ ಬಣ್ಣ ಹೊಡೆದು ನನ್ನ ಬಾನೆಟ್ಟಿನ ಮೇಲೆ ಕೂರಿಸಿದರು. "ನಿಮ್ಮ ಗಾಡಿಗೆ ಸ್ವಲ್ಪ ಗತ್ತು ಬರ್ಲಿ," ಎಂದರು. ಗತ್ತು ಬಂತು. ಸೋಮವಾರ ಶಾಲೆಯ ಮುಂದೆ ಕಾರು ನಿಲ್ಲಿಸಿದಾಗ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಜಾಲರಿಯೊಳಗೆ ಇಣುಕಿ, "ಸರ್, ಇದರಾಗ ಗಾಳಿ ಎಲ್ಲಿಂದ ಒಳಗ ಹೊಕ್ಕತದ್ರಿ?" ಎಂದು ಕೇಳಿದಳು. ಹಿಂದಿನ ವಾರವಷ್ಟೇ ಅವರಿಗೆ ಶಾಖದ ಪಾಠ ಮಾಡಿದ್ದೆ. ಗಂಟೆ ಆಯಿತು ಎಂದು ಹೇಳಿ ಒಳಗೆ ಹೋದೆ.

ಆ ಭಾನುವಾರ ನಾನು ಶೆಡ್ಡಿಗೆ ಹೋದದ್ದೇ ಹಟ ಹಿಡಿದು. ಇದನ್ನು ಖರೇ ಮಾಡಿ, ಕೆಳಗೆ ಬಾನೆಟ್ ಕೊಯ್ದು ಗಾಳಿಗೆ ದಾರಿ ಬಿಡಿ ಎಂದೆ. ಮಿಸ್ತ್ರಿ ಬಾನೆಟ್ ಎತ್ತಿ ತೋರಿಸಿದರು. ಕಿಂಡಿಯ ನೇರ ಕೆಳಗೆ, ಇಂಜಿನ್ನಿಗೆ ಕಿಡಿ ಹಂಚುವ ಡಬ್ಬಿ ಇತ್ತು. "ಬ್ಯಾಡ್ರಿ ಸರ್. ಕಿಂಡಿ ಖರೇ ಮಾಡಿದ್ರ ಮಳೀನೂ ಖರೇನ ಬರತದ. ನೀರು ಈ ಡಬ್ಬಿ ಮ್ಯಾಲೇ ಬೀಳತದ, ಗಾಡಿ ಅಲ್ಲೇ ನಿಂದರತದ." ನಾನು ಸೀಮೆಸುಣ್ಣ ತೆಗೆದುಕೊಂಡು ಅವರ ತಗಡಿನ ಬಾಗಿಲ ಮೇಲೆ ಚಿತ್ರ ಬರೆದೆ. ಬಿಸಿ ಗಾಳಿ ಮೇಲೇರುತ್ತದೆ, ತಣ್ಣಗಿನ ಗಾಳಿ ಒಳಬರುತ್ತದೆ, ಬಾಣದ ಗುರುತುಗಳೂ ಇದ್ದವು. ಅವರು ಗದ್ದಕ್ಕೆ ಕೈ ಹಚ್ಚಿ ಪೂರ್ತಿ ಕೇಳಿದರು. "ಹಂಗಾರ ಎಂಟು ದಿವಸ ತಡೀರಿ, ಕೆಳಗ ಒಂದು ತಾಟು ಕೂಡಸ್ತೀನಿ, ನೀರು ಬಾಜೂಕ ಹರಿದು ಹೋಗೂಹಂಗ," ಎಂದರು. ನನಗೆ ಎಂಟು ದಿವಸ ಎಲ್ಲಿತ್ತು? ನಾಳೆ ಆ ಹುಡುಗಿಗೆ ಉತ್ತರ ಕೊಡಬೇಕಿತ್ತು. ಇವತ್ತೇ ಆಗಬೇಕೆಂದೆ. ಬೇಸಿಗೆ ಆಗಷ್ಟೇ ಶುರುವಾಗಿತ್ತು, ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಅವರು ಮತ್ತೊಮ್ಮೆ ನನ್ನ ಮುಖ ನೋಡಿ, ಕತ್ತರಿ ತೆಗೆದುಕೊಂಡರು. "ಮಳಿ ಹಿಡಿಯೂಕಿಂತ ಮೊದಲ ತಂದು ಬಿಡ್ರಿ, ತಾಟು ಹಾಕತೀನಿ," ಎಂದು ಎರಡು ಸಲ ಹೇಳಿದರು.

ತಂದು ಬಿಡಲಿಲ್ಲ. ಭಾನುವಾರ ಭಾನುವಾರ ಹೋಗಿ ಚಾ ಕುಡಿದು ಬರುತ್ತಿದ್ದವನಿಗೆ ಒಂದು ದಿನ ಕಾರು ಬಿಟ್ಟು ಬರಲು ಆಗಲಿಲ್ಲ. ಬಿಟ್ಟರೆ ಮನೆಗೆ ನಡೆದು ಬರಬೇಕಾಗುತ್ತದಲ್ಲ ಎಂಬ ಸೋಮಾರಿತನ, ಬೇರೇನೂ ಇಲ್ಲ.

ಜುಲೈನಲ್ಲಿ ಮಿಸ್ತ್ರಿಯವರ ಮಗಳು ರೇಶ್ಮಾಳಿಗೆ ಖಾನಾಪುರದ ಸಂಬಂಧ ಕೂಡಿಬಂತು. ಹುಡುಗ ಇಮ್ತಿಯಾಜ್, ಅಪ್ಪ ಮಗ ಇಬ್ಬರೂ ಸೇರಿ ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ನಡೆಸುತ್ತಿದ್ದರು. ಹಾಸಿಗೆ ಹಿಡಿದಿದ್ದ ಅವನ ಅಜ್ಜಿ ತಾನು ಕಣ್ಣಾರೆ ಹುಡುಗಿಯನ್ನು ನೋಡಬೇಕು ಎಂದಿದ್ದಳು. ಹಾಗಾಗಿ ಹುಡುಗಿಯನ್ನೇ ಅಲ್ಲಿಗೆ ಕರೆದುಕೊಂಡು ಹೋಗುವುದೆಂದಾಯಿತು. ಬಾಡಿಗೆ ಗಾಡಿ ಹೇಳುತ್ತೇನೆ ಎಂದ ಮಿಸ್ತ್ರಿಯನ್ನು ನಾನೇ ತಡೆದೆ. ಅವರಿಗೂ ಒಳಗೊಳಗೇ ಅದೇ ಬೇಕಿತ್ತು. "ನನ್ನ ಕೈಕೆಲಸದ ಗಾಡಿ ಅವ್ರ ಬಾಗಲಕ್ಕ ಹೋಗಿ ನಿಂದರಲಿ ಸರ್. ಅವ್ರೂ ಇದೇ ಧಂಧೇದವ್ರು, ನೋಡಿದ ಕೂಡಲೇ ತಿಳೀತದ," ಎಂದರು. ಗ್ಯಾರೇಜಿನ ಡೆಂಟಿಂಗ್ ಕೆಲಸವನ್ನೆಲ್ಲ ಮುಂದೆ ಇವರಿಗೇ ಕಳಿಸುವ ಮಾತೂ ನಡೆದಿತ್ತು. ಆ ವಾರವೆಲ್ಲ ಅವರು ನನ್ನ ಕಾರಿಗೆ ಪಾಲಿಶ್ ಹಾಕಿದರು. ತಾಟಿನ ಮಾತು ಇಬ್ಬರಿಗೂ ನೆನಪಾಗಲಿಲ್ಲ. ಮದುವೆ ಮನೆಯ ಗಡಿಬಿಡಿ ಅವರದು, ನನ್ನದು ಮಾತ್ರ ಬೇಜವಾಬ್ದಾರಿ.

ಹೊರಟಾಗ ಜಿಟಿಜಿಟಿ ಇತ್ತು. ಮಚ್ಛೆ ದಾಟುವ ಹೊತ್ತಿಗೆ ಜೋರಾಯಿತು. ಪ್ರಭುನಗರದ ಆಚೆ, ಖಾನಾಪುರದ ಮಳೆ ಅನ್ನುತ್ತಾರಲ್ಲ, ಅದು ಶುರುವಾಯಿತು. ಮುಂದಿನ ರಸ್ತೆ ಕಾಣುತ್ತಿರಲಿಲ್ಲ, ಬಾನೆಟ್ಟಿನ ಮೇಲೆ ಆ ಕಿಂಡಿ ಮಾತ್ರ ಕಾಣುತ್ತಿತ್ತು, ಬಾಯಿ ತೆರೆದುಕೊಂಡು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮಿಸ್ತ್ರಿ ಹೊಸ ಬಿಳಿ ಜುಬ್ಬಾ ತೊಟ್ಟವರು ಮಳೆಯಲ್ಲಿ ಇಳಿದು, ಡಬ್ಬಿ ಬಿಚ್ಚಿ, ಜುಬ್ಬಾದ ಚುಂಗಿನಿಂದ ಒರೆಸಿದರು. ಕಾರು ಒಂದು ಮೈಲಿ ಹೋಗಿ ಮತ್ತೆ ನಿಂತಿತು. ಮತ್ತೆ ಒರೆಸಿದರು. ಮೂರನೆಯ ಸಲ ಜುಬ್ಬಾದಲ್ಲಿ ಒಣಗಿದ ಜಾಗವೇ ಉಳಿದಿರಲಿಲ್ಲ. ಹಿಂದೆ ಮಿಸ್ತ್ರಿಯ ಹೆಂಡತಿ ಮುಮ್ತಾಜ್‌ಬಿ ತುಟಿಯಲ್ಲೇ ಏನೋ ಪಠಿಸುತ್ತಿದ್ದರು, ರೇಶ್ಮಾ ಮೆಹೆಂದಿ ಹಚ್ಚಿದ ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದಳು. ಮೊಬೈಲು ಕೈಗೆ ಬರದ ಕಾಲ. ಖಾನಾಪುರಕ್ಕೆ ಹೋಗುತ್ತಿದ್ದ ಬಸ್ಸಿಗೆ ಕೈಮಾಡಿ, ಸ್ಟ್ಯಾಂಡಿನ ಬಾಜು ಗ್ಯಾರೇಜಿಗೆ ಸುದ್ದಿ ಮುಟ್ಟಿಸಿ ಎಂದು ಕಂಡಕ್ಟರಿಗೆ ಹೇಳಿದೆವು. ಮುಕ್ಕಾಲು ಗಂಟೆಯ ಮೇಲೆ ಇಮ್ತಿಯಾಜನೇ ಜೀಪು ಮತ್ತು ಹಗ್ಗ ತೆಗೆದುಕೊಂಡು ಬಂದ.

ಹಗ್ಗ ಕಟ್ಟಿಸಿಕೊಂಡ ಕಾರು ಬೀಗರ ಬಾಗಿಲಿಗೆ ಹೋಗಿ ನಿಂತಾಗ ಓಣಿಯ ಜನವೆಲ್ಲ ಪಡಸಾಲೆಗಳಲ್ಲಿ ನಿಂತು ನೋಡುತ್ತಿತ್ತು. ಇಮ್ತಿಯಾಜನ ತಂದೆ ಕೊಡೆ ಹಿಡಿದು ಬಂದು, ನಮಗೆ ಬರ್ರಿ ಅನ್ನುವುದಕ್ಕೂ ಮೊದಲು, ಅಭ್ಯಾಸದಂತೆ ಬಾನೆಟ್ ಎತ್ತಿದರು. ಒಳಗಿನಿಂದ ಮೇಲೆ ನೋಡಿ ನಗಲು ಶುರುಮಾಡಿದರು. "ಯಾವ ಶಾಣ್ಯಾ ಇಲ್ಲಿ ತೂತ ಹೊಡದಾನ್ರಿ? ಡಬ್ಬಿ ಮ್ಯಾಲೇ ನಳ ಬಿಟ್ಟಾನಲ್ಲ." ಸುತ್ತ ನಿಂತವರೂ ನಕ್ಕರು. ಎಲ್ಲರ ಕಣ್ಣೂ ನನ್ನ ಮೇಲಿತ್ತು, ಕಾರು ನನ್ನದಲ್ಲವೇ. ಒಂದೇ ಒಂದು ವಾಕ್ಯ ಸಾಕಾಗಿತ್ತು: ನಾನೇ ಹಟ ಮಾಡಿ ಹೊಡೆಸಿದೆ. ನನ್ನ ನಾಲಿಗೆ ಬೇರೆ ವಾಕ್ಯ ಹೇಳಿತು.

"ಮಿಸ್ತ್ರಿಯವರೇ ಮಾಡ್ಯಾರ್ರಿ. ನಾನು ಸಾಲಿ ಮಾಸ್ತರ, ನನಗ ಇದೆಲ್ಲ ಏನ ತಿಳೀತದ."

ಮಿಸ್ತ್ರಿ ನನ್ನ ಕಡೆ ನೋಡಿದರು. ಹುಬ್ಬಿನಿಂದ ನೀರು ಇಳಿಯುತ್ತಿತ್ತು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷ ಈ ಸುಳ್ಳನ್ನು ಹೊರುತ್ತಿರಲಿಲ್ಲವೇನೋ. ಸಾಲಿಯಲ್ಲಿ ಪಕ್ಕದವನ ತಪ್ಪಿಗೆ ತಾನು ಎದ್ದು ನಿಲ್ಲುವ ಹುಡುಗರಿರುತ್ತಾರೆ, ಹಾಗೆ ಒಂದು ಹೆಜ್ಜೆ ಮುಂದೆ ಬಂದರು. "ಹೌದ್ರಿ ಬೀಗರ, ನನ್ನ ತಪ್ಪ," ಎಂದರು. "ಗಡಬಡಿಯೊಳಗ ಮಾಡ್ದೆ." ನಗು ಮತ್ತೊಮ್ಮೆ ಎದ್ದಿತು. ಒಳಗೆ ಕೂರಿಸಿ ಚಾ ಕೊಟ್ಟರು, ಬಿರಿಯಾನಿ ಬಡಿಸಿದರು, ಅಜ್ಜಿ ರೇಶ್ಮಾಳ ಗದ್ದ ಹಿಡಿದು ಮುದ್ದು ಮಾಡಿದಳು. ಮದುವೆಯ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಇಮ್ತಿಯಾಜ್ ಡಬ್ಬಿ ಒಣಗಿಸಿ, ಕಿಂಡಿಗೆ ಪ್ಲಾಸ್ಟಿಕ್ ಕಟ್ಟಿ ಕಾರು ಚಾಲೂ ಮಾಡಿದ್ದ. ಡೆಂಟಿಂಗ್ ಕೆಲಸ ಬೆಳಗಾವಿಗೆ ಕಳಿಸುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ, ಮಿಸ್ತ್ರಿಯೂ ಎತ್ತಲಿಲ್ಲ.

ಮರುದಿನ ಅವರು ನನ್ನ ಖೋಲಿಗೆ ಬಂದು ಕಾರು ಒಯ್ದರು. ಸಂಜೆ ತಂದು ನಿಲ್ಲಿಸಿದಾಗ ತೂತು ಕೆಳಗಿನಿಂದ ಮುಚ್ಚಿತ್ತು, ಎಲ್ಲಿ ಕೊಯ್ದಿದ್ದರು ಎಂದು ಕೈಯಾಡಿಸಿದರೂ ಗೊತ್ತಾಗುತ್ತಿರಲಿಲ್ಲ. "ಈಗ ಶೋ ಆತು ನೋಡ್ರಿ, ಎಷ್ಟ ಮಳಿ ಬಂದ್ರೂ ಚಿಂತಿಲ್ಲ," ಎಂದರು. ಹಿಂದಿನ ದಿನದ ಬಗ್ಗೆ ಒಂದು ಸೊಲ್ಲೂ ಎತ್ತಲಿಲ್ಲ. ಎತ್ತಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ ಎಂದು ಆಗ ಅನಿಸುತ್ತಿತ್ತು. ಈಗ ಅಷ್ಟು ಖಾತ್ರಿಯಿಲ್ಲ.

ಆ ಭಾನುವಾರ ನಾನು ಶೆಡ್ಡಿಗೆ ಹೋಗಲಿಲ್ಲ. ಪೇಪರು ತಿದ್ದುವುದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಭಾನುವಾರ ನೆಗಡಿ. ಅದರ ಮುಂದಿನದು ಇಷ್ಟು ದಿನ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಸಂಕೋಚ. ಹೋಗದಿರುವುದಕ್ಕೆ ಕಾರಣಗಳು ಎಷ್ಟು ಸಲೀಸಾಗಿ ಸಿಗುತ್ತವೆ ನೋಡಿ. ಶಾಲೆಗೆ ಹೋಗುವ ದಾರಿಯನ್ನೇ ಬದಲಿಸಿದೆ. ರೇಶ್ಮಾಳ ಮದುವೆಯ ದಿನ ಮುಯ್ಯಿಯನ್ನು ಜವಾನನ ಕೈಯಲ್ಲಿ ಕಳಿಸಿ ಖೋಲಿಯಲ್ಲಿ ಮಲಗಿದ್ದೆ. ಸ್ಟಾಫ್ ರೂಮಿನಲ್ಲಿ ಯಾರೋ ನಿಮ್ಮ ಮಿಸ್ತ್ರಿ ಹೇಗಿದ್ದಾರೆ ಎಂದು ಕೇಳಿದಾಗ ಮೊದಲ ಸಲ ಆ ತಮಾಷೆಯ ಕತೆ ಹೇಳಿದೆ. ಎಲ್ಲರೂ ನಕ್ಕಿದ್ದರಿಂದ ಸ್ವಲ್ಪ ಹಗುರಾಯಿತು.

ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಹಬ್ಬದ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರ ಕೈಗೊಬ್ಬರು ಕೊಡುವುದು. ವರ್ಷದ ಮುನಿಸೇನಿದ್ದರೂ ಅಲ್ಲಿಗೆ ಮುಗಿಯಬೇಕು. ಹಿಂದಿನ ಎರಡು ವರ್ಷ ನಾನೇ ಶೆಡ್ಡಿಗೆ ಹೋಗಿ ಮಿಸ್ತ್ರಿಗೆ ಬನ್ನಿ ಕೊಟ್ಟಿದ್ದೆ, ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಿದ್ದರು. ಈ ಸಲ ನಾನು ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಅವರ ಸ್ಕೂಟರಿನ ಸಪ್ಪಳ ಕೇಳಿಸಿತು. ನಾನು ಎದ್ದು ಒಳಗಿನ ಚಿಲಕ ಹಾಕಿದೆ. ದೀಪ ಹಚ್ಚಿರಲಿಲ್ಲ, ಹಾಗೇ ಮಂಚದ ತುದಿಗೆ ಕೂತೆ.

"ಸರ್," ಎಂದರು. ಸ್ವಲ್ಪ ತಡೆದು, "ಸರ್, ಅದೀರೇನ್ರಿ? ಬನ್ನಿ ತಂದೀನಿ."

ಬಾಗಿಲು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಎದ್ದು ಚಿಲಕ ತೆಗೆದರೆ ಆಯಿತು, ಏನೂ ಹೇಳಬೇಕಾಗಿರಲಿಲ್ಲ, ಕೈಯೊಡ್ಡಿದರೆ ಸಾಕಾಗಿತ್ತು. ಅದಕ್ಕೆಂದೇ ಹಿರಿಯರು ಈ ಹಬ್ಬ ಮಾಡಿದ್ದಾರೆ. ಆದರೆ ನಾನು ಕೆಮ್ಮು ಕೇಳಿಸದ ಹಾಗೆ ಬಾಯಿಗೆ ಕೈ ಒತ್ತಿಕೊಂಡು ಕೂತೆ. ಬಹಳ ಹೊತ್ತಾದ ಮೇಲೆ ಸ್ಕೂಟರು ಹೋಯಿತು. ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಹಿಡಿ ಬನ್ನಿ ಎಲೆ ಇತ್ತು. ಅದನ್ನು ಏನು ಮಾಡಿದೆನೋ ನೆನಪಿಲ್ಲ. ಮುಂದಿನ ಬೇಸಿಗೆಯಲ್ಲಿ ರಾಮದುರ್ಗಕ್ಕೆ ವರ್ಗವಾಯಿತು, ಹೇಳದೆ ಹೋದೆ. ಕಾರನ್ನು ಅಲ್ಲಿ ಮಾರಿದೆ. ಆಮೇಲೆ ಯಾವ ಊರಿನಲ್ಲೂ ನನಗೆ ಭಾನುವಾರ ಹೋಗಲು ಒಂದು ಜಾಗ ಸಿಗಲಿಲ್ಲ. ನಿವೃತ್ತನಾಗಿ ಬೆಳಗಾವಿಗೆ ವಾಪಸು ಬಂದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋದೆ. ಶೆಡ್ಡಿದ್ದಲ್ಲಿ ಟೈಲ್ಸ್ ಅಂಗಡಿ ಎದ್ದಿತ್ತು. ಮಿಸ್ತ್ರಿ ತೀರಿಕೊಂಡು ವರ್ಷಗಳಾದವು, ಮನೆಯವರು ಮಗಳ ಹತ್ತಿರ ಹೋದರು ಎಂದು ಎದುರಿನ ಚಾದಂಗಡಿಯವನು ಹೇಳಿದ.

ಇಷ್ಟೇ ನಡೆದದ್ದು. ಮೊನ್ನೆ ಚೆಲ್ಲಿದ ಹಾಲು ಒರೆಸಿದ ಮೇಲೆ ಎದುರು ಮನೆಗೆ ಹೋಗಿ ಪಾಟೀಲರಿಗೆ ಸರಿಯಾದ ಕತೆ ಹೇಳೋಣವೆಂದುಕೊಂಡೆ. ಅದರಿಂದ ಏನು ಬಂತು ಎನಿಸಿತು. ನಿನ್ನೆ ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿದೆ.

ಗ್ಯಾರೇಜು ಅಲ್ಲೇ ಇತ್ತು, ಹಿಂದೆ ಮನೆ. ಇಮ್ತಿಯಾಜನ ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿಯಲು ಅವನಿಗೆ ಒಂದು ನಿಮಿಷ ಬೇಕಾಯಿತು. "ಅರೆ, ಮಾಸ್ತರ್ ಸರ್, ಬರ್ರಿ ಬರ್ರಿ," ಎಂದು ಕೈಯ ಎಣ್ಣೆ ಒರೆಸಿಕೊಂಡ. ನಾನು ಕೂರಲಿಲ್ಲ. ಕೂತರೆ ಚಾ ಬರುತ್ತದೆ, ಚಾ ಬಂದರೆ ಬೇರೆ ಮಾತು ಬರುತ್ತದೆ ಎಂದು ಗೊತ್ತಿತ್ತು. ನಿಂತೇ ಹೇಳಿದೆ. ಆ ಬಾನೆಟ್ಟಿನ ತೂತು ನಾನು ಹಟ ಮಾಡಿ ಹೊಡೆಸಿದ್ದು, ನಿಮ್ಮ ಮಾವ ಬ್ಯಾಡ ಅಂದಿದ್ರು, ಮಳಿ ಬರತದ ಅಂತನೂ ಹೇಳಿದ್ರು, ಅವತ್ತ ಎಲ್ಲಾರ ಮುಂದ ನಾನು ಸುಳ್ಳ ಹೇಳಿದೆ ಎಂದೆ. ವರ್ಷಗಟ್ಟಲೆ ಹೇಳದೆ ಇಟ್ಟುಕೊಂಡದ್ದು ಹೊರಗೆ ಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ಇಮ್ತಿಯಾಜ್ ತಲೆಯಾಡಿಸುತ್ತ ನಕ್ಕ. "ಇಲ್ರಿ ಸರ್. ಮಾವನವ್ರು ಸಾಯೂತನಕ ಅದನ್ನ ಹೇಳ್ತಿದ್ರು, ಅದು ನನ್ನ ತಪ್ಪು, ಮಾಸ್ತರ್ ಪಾಪ ಸುಮ್ಮನ ನಾಚಿಕೊಂಡ್ರು ಅಂತ. ನೀವು ದೊಡ್ಡ ಮನಸಿನವ್ರು, ಅವ್ರ ಹೆಸರು ಉಳೀಲಿ ಅಂತ ಹಿಂಗ ಹೇಳತೀರಿ."

ಹಾಗಲ್ಲ ಎಂದೆ. ಖರೇನೇ ನಾನೇ ಎಂದೆ. ಸೀಮೆಸುಣ್ಣದ ಚಿತ್ರದ ಸುದ್ದಿಯನ್ನೂ ಹೇಳಿದೆ. ಅವನು ನನ್ನ ಭುಜ ತಟ್ಟಿ, "ಆತ್ರಿ, ಆತು," ಎಂದ, ವಯಸ್ಸಾದವರನ್ನು ಸಮಾಧಾನ ಮಾಡುವ ಹಾಗೆ. ಅಷ್ಟರಲ್ಲಿ ಯಾರದೋ ಬೈಕು ಬಂತು, ಅವನು ಆ ಕಡೆ ಹೋದ. ಮಿಸ್ತ್ರಿ ನನ್ನ ಸುಳ್ಳನ್ನು ಎಷ್ಟು ಬಂದೋಬಸ್ತಾಗಿ ಕಾಯ್ದಿದ್ದರೆಂದರೆ, ಈಗ ನಾನೇ ಬಂದು ಕೆಡವುತ್ತೇನೆಂದರೂ ಅದು ಬೀಳುತ್ತಿರಲಿಲ್ಲ.

ರೇಶ್ಮಾ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹುಬ್ಬು ತಂದೆಯದೇ. ತಾಯಿ ಹೋದ ವರ್ಷ ತೀರಿಕೊಂಡರೆಂದು ಹೇಳಿದಳು. ಆಮೇಲೆ, "ಸರ್, ಒಂದು ಕೇಳಲೇನ್ರಿ? ಆ ದಸರಿಗೆ ಅಬ್ಬಾ ಬನ್ನಿ ತಗೊಂಡು ಬಂದಾಗ ನೀವು ಮನ್ಯಾಗ ಇದ್ರಲ್ರಿ?" ಎಂದಳು.

ಇದ್ದೆ ಎಂದೆ.

"ಅಬ್ಬಾಗೂ ಗೊತ್ತಿತ್ರಿ. ಬಾಗಲಕ್ಕ ಹೊರಗಿಂದ ಕೀಲಿ ಹಾಕಿರಲಿಲ್ಲಂತ, ನಿಮ್ಮ ಚಪ್ಪಲಿ ಹೊರಗ ಇದ್ವಂತ. ಮನಿಗೆ ಬಂದು ಅಮ್ಮಾಗ ಹೇಳಿದ್ರು, ಸರ್ ಮಲಗಿದ್ರು, ಎಬ್ಬಸಲಿಲ್ಲ, ಮಳಿ ಬರೂಹಂಗ ಆಗಿತ್ತು, ಚಪ್ಪಲಿ ತೋಯ್ತಾವಂತ ಬಾಗಲದ ಒಳಗ ಸರಿಸಿ ಇಟ್ಟು ಬಂದೆ ಅಂತ."

ಬಾಗಿಲು ಹಾಕಿತ್ತು, ಒಳಗೆ ಸರಿಸಲು ಆಗುವಂತಿರಲಿಲ್ಲ. ಸೂರಿನ ಕೆಳಗೆ ಗೋಡೆಗೆ ಒತ್ತಿ ಇಟ್ಟಿರಬೇಕು. ಅಂದರೆ ಮಿಸ್ತ್ರಿ ಅಲ್ಲಿ, ನನ್ನ ಬಾಗಿಲಿನ ಆಚೆ, ಬಗ್ಗಿದ್ದರು. ನನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು. ನಾನು ನಾಲ್ಕು ಹೆಜ್ಜೆ ಈಚೆ ಉಸಿರು ಹಿಡಿದು ಕೂತಿದ್ದೆ, ಅವರಿಗೆ ಏನೂ ಗೊತ್ತಾಗಲಿಲ್ಲ ಎಂದುಕೊಂಡು. ಇಷ್ಟು ವರ್ಷವೂ ಹಾಗೇ ಅಂದುಕೊಂಡಿದ್ದೆ. ನನಗೆ ಅಳು ಬಂತು, ಅಳುವುದಕ್ಕೆ ಸಂಕೋಚವೂ ಆಗಲಿಲ್ಲ.

ರೇಶ್ಮಾ ನಾನು ಕಣ್ಣೊರೆಸಿಕೊಳ್ಳುವವರೆಗೆ ಕಾದು, ಬಾಗಿಲ ಪರದೆ ಸರಿಸಿ ಹಿಡಿದು, "ಒಳಗ ಬರ್ರಿ ಸರ್, ಊಟ ಮಾಡ್ಕೊಂಡು ಹೋಗೀರಂತ," ಎಂದಳು. ಮೂರೂವರೆಯ ಬಸ್ಸಿಗೆ ಹೋಗಬೇಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಅವಳ ಹಿಂದೆ ಒಳಗೆ ಹೋದೆ.